ಯಾವ ಕೆಲಸಕ್ಕೆ ಸಾರ್, ಆ ನಂಬರು?

ಕಾಕಿನಾಡದ ಆಚೆ, ಕೃಷ್ಣಾ-ಗೋದಾವರಿ ಬೇಸಿನ್ನಿನ ಆಳನೀರಿನ ತಳದಲ್ಲಿರುವ ಜೇಡಿ ಗಟ್ಟಿಮೊಸರಿಗಿಂತ ಒಂದಿಷ್ಟು ಬಿಗಿ, ಅಷ್ಟೇ. ಮೇಲ್ಪದರದಲ್ಲಿ ಅದರ ಶಿಯರ್ ಸ್ಟ್ರೆಂತ್, ಅಂದರೆ ಹರಿಯದೆ ತಡೆದುಕೊಳ್ಳುವ ಬಲ, ಎರಡು-ಮೂರು ಕಿಲೋಪ್ಯಾಸ್ಕಲ್. ಕೆಳಗಿಳಿದಂತೆ ಮೀಟರಿಗೆ ಒಂದು, ಒಂದೂವರೆಯಷ್ಟು ಏರುತ್ತದೆ. ಗ್ಯಾಸ್ ಪೈಪು, ಆ್ಯಂಕರು ಎಲ್ಲಕ್ಕೂ ಆಧಾರ ಅದೇ.

ನಾನು ಮಣ್ಣು ಅಳೆಯಲು ಕಲಿತದ್ದು ಮಂಗಳೂರು ಕಡೆಯ ಅಳಿವೆ ಕೆಸರಿನಲ್ಲಿ. ನಾಲ್ಕು ರೆಕ್ಕೆಯ ವೇನ್ ಇಳಿಸಿ, ನಿಮಿಷಕ್ಕೆ 6 ಡಿಗ್ರಿಯಂತೆ ತಿರುಗಿಸಿ, ಮಣ್ಣು ಹರಿಯುವಾಗಿನ ಟಾರ್ಕ್ ಬರೆದುಕೊಂಡರೆ ಆಯಿತು. ಕಾಲಡಿಯ ನೆಲ ಅಲುಗುವುದಿಲ್ಲವಲ್ಲ! ಹಡಗಿನಿಂದಲೇ ರಾಡ್ ಹಿಡಿದು ಹೀಗೆ ಮಾಡಹೊರಟರೆ ಅಲೆಯ ಏರಿಳಿತಕ್ಕೆ ಜೇಡಿ ಮೊದಲೇ ಕಲಕಿರುತ್ತದೆ. ಅದಕ್ಕೇ ಸಲಕರಣೆಯನ್ನು ಚೌಕಟ್ಟಿಗೆ ಕಟ್ಟಿ ಸಮುದ್ರತಳದಲ್ಲೇ ಕೂರಿಸುತ್ತಾರೆ.

ಸ್ಯಾಂಪಲ್ ತೆಗೆದು ಡೆಕ್ ಮೇಲಿನ ಲ್ಯಾಬಿನಲ್ಲಿ ನೋಡೋಣವೆಂದರೆ ಇನ್ನೊಂದು ತಾಪತ್ರಯ. ಸಾವಿರ ಮೀಟರ್ ನೀರಿನ ಒತ್ತಡ ಕಳಚಿಕೊಂಡು ಮೇಲೆ ಬರುವಾಗ ಕರಗಿದ್ದ ಅನಿಲ ಹಿಗ್ಗಿ ಕೋರ್ ಬಿರುಕು ಬಿಡುತ್ತದೆ. ಈ ಬೇಸಿನ್ನಿನಲ್ಲಿ ಗ್ಯಾಸ್ ಹೈಡ್ರೇಟ್, ಅಂದರೆ ಅನಿಲ ಹಿಡಿದಿಟ್ಟ ಮಂಜುಗಡ್ಡೆಯಂಥದ್ದು, ಇರುವುದನ್ನು 2006ರಲ್ಲೇ ಜಾಯ್ಡಿಸ್ ರೆಸಲ್ಯೂಷನ್ ಹಡಗು ಕೊರೆದು ತೋರಿಸಿದೆ. ಇಂಥ ಕೋರಿನ ಮೇಲೆ ಟ್ರೈಆ್ಯಕ್ಸಿಯಲ್ ಪರೀಕ್ಷೆ ಮಾಡಿದರೆ ಬರುವ ಬಲ ಬಹುಮಟ್ಟಿಗೆ ಕಡಿಮೆಯೇ.

ಹಾಗಾದರೆ ಜೇಡಿಯೊಳಗೆ ಒತ್ತಿ ಪ್ರತಿರೋಧ ಅಳೆಯುವ ಮೊನೆ, ಕೋನ್? ಸೆಕೆಂಡಿಗೆ 20 ಮಿಲಿಮೀಟರಿನಂತೆ ಒತ್ತುತ್ತ ಹೋದರೆ ಎಡೆಬಿಡದ ಗ್ರಾಫ್ ಸಿಗುತ್ತದೆ, ನನಗೂ ಅದು ಇಷ್ಟ. ಆದರೆ ಸಾವಿರ ಮೀಟರ್ ಆಳದಲ್ಲಿ ನೀರೊಂದೇ ಸುಮಾರು 10,000 ಕಿಲೋಪ್ಯಾಸ್ಕಲ್ ಒತ್ತುತ್ತಿರುತ್ತದೆ. ಅದರ ಮೇಲೆ ಜೇಡಿಯ ಪಾಲು ಮೂವತ್ತು-ನಲವತ್ತು! ಡೆಕ್ಕಿನ ಬಿಸಿಲಿನಲ್ಲಿ ಕಾದ ಕೋನು ತಳದ ಚಳಿಗೆ ಇಳಿದಾಗ ಸೊನ್ನೆ ಸ್ವಲ್ಪವೇ ಜರುಗಿದರೂ ಸಾಕು, ನಾವು ಹುಡುಕುವ ಜೇಡಿ ಆ ತಪ್ಪಿನಲ್ಲೇ ಮುಳುಗಿಹೋಗುತ್ತದೆ. ತಳದ ಸಮೀಪ ಕೋನನ್ನು ತಡೆದು, ತಣಿಯಲು ಬಿಟ್ಟು, ಆಮೇಲೆ ಸೊನ್ನೆ ಹಿಡಿಯಬೇಕು. ಹಡಗಿನ ಬಾಡಿಗೆ ಓಡುತ್ತಿರುವಾಗ ಈ ಕಾಯುವಿಕೆ ಯಾರಿಗೂ ಹಿಡಿಸುವುದಿಲ್ಲ, ನಾನು ಮಾತ್ರ ಬಿಟ್ಟುಕೊಡುವುದಿಲ್ಲ.

ಕೋನಿನ ಜಾಗದಲ್ಲಿ ಅಡ್ಡಕಂಬಿ ಹಾಕಿದರೆ ಟಿ-ಬಾರ್. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವರ್ಟ್ ಮತ್ತು ರ‍್ಯಾಂಡಾಲ್ಫ್ 1990ರ ದಶಕದಲ್ಲಿ ಇದನ್ನು ಮೊದಲು ಸೆಂಟ್ರಿಫ್ಯೂಜ್ ಪ್ರಯೋಗಕ್ಕಾಗಿ ರೂಪಿಸಿದರು. ಜೇಡಿ ಕಂಬಿಯ ಸುತ್ತ ಹರಿದು ಮತ್ತೆ ಕೂಡಿಕೊಳ್ಳುವುದರಿಂದ ಮೇಲೂ ಕೆಳಗೂ ಒತ್ತಡ ಹೆಚ್ಚುಕಡಿಮೆ ಸಮ, ತಿದ್ದುವ ಲೆಕ್ಕ ತೀರಾ ಕಡಿಮೆ. ಪ್ರತಿರೋಧವನ್ನು 10.5ರಿಂದ ಭಾಗಿಸಿದರೆ ಬಲ. ಕಂಬಿಯನ್ನು ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡಿಸಿದರೆ ಕಲಕಿದ ಜೇಡಿಯ ಬಲವೂ ಸಿಕ್ಕಿತು.

ಇಷ್ಟೆಲ್ಲ ಆದಮೇಲೆ ಡಿಸೈನ್ ಆಫೀಸಿನಿಂದ ಫೋನು: “ಒಂದು ನಂಬರ್ ಕೊಟ್ಟುಬಿಡಿ, ಬೇಕಾದರೆ ಕಡಿಮೆಯದನ್ನೇ ಕೊಡಿ, ಸೇಫ್ ಆಗಿರುತ್ತೆ.”

“ಯಾವ ಕೆಲಸಕ್ಕೆ ಸಾರ್?” ಅಂತ ಕೇಳುತ್ತೇನೆ.

ದಡದ ಮೇಲೆ ಕಟ್ಟಡದ ಪಾಯಕ್ಕೆ ಅವರ ಮಾತು ಸಾಮಾನ್ಯವಾಗಿ ಸರಿ. ಸಮುದ್ರದಲ್ಲಿ ಅಲ್ಲ. ಆ್ಯಂಕರಾಗಿ ತಳಕ್ಕೆ ಇಳಿಸುವ ಸಕ್ಷನ್ ಪೈಲು ಹಿಡಿದು ನಿಲ್ಲುತ್ತದೆಯೇ ಎಂದು ನೋಡಲು ಕಡಿಮೆ ಬಲ ಬೇಕು, ಅದೇ ಪೈಲು ಇಳಿಯುತ್ತದೆಯೇ ಎಂದು ನೋಡಲು ಹೆಚ್ಚಿನದು. ಬಲ ಕಡಿಮೆ ಹಿಡಿದರೆ ಪೈಪು ಹೆಚ್ಚು ಹೂತುಕೊಳ್ಳುತ್ತದೆಂದು ಲೆಕ್ಕ ಬರುತ್ತದೆ. ಆಗ, ಬಿಸಿಯಾದ ಪೈಪು ಪಕ್ಕಕ್ಕೆ ಸರಿಯಬೇಕಾದ ಕಡೆ ಎಷ್ಟು ತಡೆ ಎನ್ನುವುದೂ ಬದಲಾಗುತ್ತದೆ. ಹಾಗಾಗಿ ನನ್ನ ರಿಪೋರ್ಟಿನಲ್ಲಿ ಮೇಲಿನದೊಂದು, ಕೆಳಗಿನದೊಂದು ಗೆರೆ, ಪ್ರತಿ ಬಿಂದುವಿನ ಪಕ್ಕ ಯಾವ ಪರೀಕ್ಷೆ ಎಂಬ ಗುರುತು ಇರುತ್ತದೆ.

ಸರ್ವೆಗೆ ಟೆಂಡರ್ ಬರೆಯುವವರಲ್ಲಿ ಒಂದು ಕೇಳಿಕೆ: ಕೋನಿನ ಜೊತೆ ಟಿ-ಬಾರನ್ನೂ ಸೇರಿಸಿ. ಹಡಗಿನ ದಿನಬಾಡಿಗೆಯ ಮುಂದೆ ಅದರ ಖರ್ಚು ಏನೂ ಅಲ್ಲ.