ಕುಡ್ಲಿಗೆ ಕುಂಕುಮ ಇಟ್ಟರೆ ಸಾಲದು

ಮಗಾ, ಸಿಟಿ ಕೆಲಸ ಬಿಟ್ಟು ಬಂದು ರಾಗಿ ಹಾಕಿದ್ದೀಯ, ಪೈರೂ ಚೆನ್ನಾಗಿದೆ. ಈಗ ಕುಡ್ಲಿನ ವಿಷಯ ಕೇಳು. ಆಯುಧಪೂಜೆಗೆ ಅಂತ ಸೂರಿನಿಂದ ತೆಗೆದು, ತೊಳೆದು, ಕುಂಕುಮ ಇಟ್ಟು, ಮತ್ತೆ ಸೂರಿಗೇ ಸಿಕ್ಕಿಸುತ್ತಾರೆ ನಮ್ಮವರು. ಅವತ್ತೇ ಹಿಡಿ ಅಲ್ಲಾಡಿಸಿ ನೋಡು. ಸಡಿಲವಾಗಿದ್ದರೆ ನೀರಿಗೆ ಹಾಕಿ ಬಿಗಿ ಮಾಡೋ ಉಪಾಯ ಬೇಡ. ಮರ ಉಬ್ಬಿ ಬೆಳಗ್ಗೆ ಗಟ್ಟಿಯಾಗೇನೋ ಇರುತ್ತೆ, ಬಿಸಿಲೇರಿದರೆ ಒಣಗಿ ಮತ್ತೆ ಆಡುತ್ತೆ. ಹೊಸ ಹಿಡಿ ಹಾಕಿಸು. ಕೊಯ್ಲು ಶುರುವಾದ ಮೇಲೆ ಹೋದರೆ ಕುಲುಮೆ ಮುಂದೆ ಊರೇ ಕೂತಿರುತ್ತೆ.

ಕೊಯ್ಲಿಗೆ ಕಕ್ಕು ಹಾಕಿದ ಕುಡ್ಲೇ ಆಗಬೇಕು. ಹಲ್ಲು ಹಿಡಿಯ ಕಡೆಗೆ ವಾಲಿರುತ್ತವೆ. ಹಾಗಾಗಿ ಎಳೆದರೆ ಕೊಯ್ಯುತ್ತೆ, ಬೀಸಿದರೆ ಪೈರು ಕೊಡವಿ ಕಾಳು ಉದುರಿಸುತ್ತೆ. ಸಾಣೆಕಲ್ಲಿಗೆ ಉಜ್ಜಬೇಡ, ಹಲ್ಲೇ ಸವೆದುಹೋಗುತ್ತೆ. ಮೊಂಡಾದರೆ ಮತ್ತೆ ಕಕ್ಕು ಹಾಕಿಸಬೇಕು. ಬೇಲಿ ಕಡ್ಡಿ ಸವರೋದಕ್ಕೆ ಮಚ್ಚಿದೆಯಲ್ಲ, ಇದನ್ನು ಮುಟ್ಟಬೇಡ. ಇನ್ನೊಂದು, ನಿನ್ನ ಹೆಂಡತಿ ಎಡಚೆ. ಹಲ್ಲನ್ನು ಕೊರೆಯೋದು ಅಲಗಿನ ಒಂದೇ ಮೈಗೆ, ಅದೂ ಬಲಗೈ ಲೆಕ್ಕಕ್ಕೆ. ಅವಳಿಗೆ ಬೇರೆಯದೇ ಮಾಡಿಸು. ಕೈ ನಿಧಾನ ಅಂತ ಆಮೇಲೆ ಅವಳನ್ನು ಆಡಿಕೊಳ್ಳೋದು ನ್ಯಾಯವಲ್ಲ.

ಇಬ್ಬನಿ ಇರುವಾಗಲೇ ಗದ್ದೆಗೆ, ಹೊಲಕ್ಕೆ ಇಳೀತಿದ್ದರು ಹಿಂದಿನವರು. ತೆನೆ ಮೆತ್ತಗಿದ್ದರೆ ಕಾಳು ಉದುರೋದು ಕಡಿಮೆ. ಆದರೆ ಅರಿ ಹಾಕಿದ್ದು ಚೆನ್ನಾಗಿ ಒಣಗೋ ತನಕ ಕಂತೆ ಕಟ್ಟಿ ಮೆದೆ ಒಟ್ಟಬೇಡ, ಒಳಗೇ ಬೂಸ್ಟು ಹಿಡಿಯುತ್ತೆ. ಬುಡಕ್ಕೆ ಕೈ ಹಾಕಿ ಕೊಯ್ಯಿ. ಗೇಣುದ್ದ ಕೂಳೆ ಬಿಟ್ಟರೆ ಅಷ್ಟೂ ನಿನ್ನ ಹಸುವಿನ ಮೇವು ಹೋಯಿತು ಅಂತ ತಿಳಿ.

ಮೆಷಿನ್ ಬೇಡ ಅನ್ನೋ ಹಠ ನನಗಿಲ್ಲ. ಸಮತಟ್ಟು ಹೊಲ, ಆಳು ಸಿಗದ ಕಾಲ, ಕರೆಸು. ಮಳೆಗೆ ಮಲಗಿದ ಪೈರು, ಬದುವಿನ ಅಂಚು, ಮೆಷಿನ್ ತಿರುಗದ ಮೂಲೆ, ಅಲ್ಲಿಗೆ ಮಾತ್ರ ಕುಡ್ಲೇ ಗತಿ.

ಕೊಯ್ಯುವಾಗ ಮುಷ್ಟಿ ತುಂಬಿದ ಮೇಲೆ ಇನ್ನೆರಡು ಬುಡ ತುರುಕಬೇಡ, ಹಿಡಿತ ಜಾರುವುದು ಆಗಲೇ. ಎಡಗೈಯ ಕಿರುಬೆರಳು ಅಲಗಿಗೆ ಎಲ್ಲಕ್ಕಿಂತ ಹತ್ತಿರ ಇರುತ್ತೆ. ಊರಿನ ಹಳೇ ಆಳುಗಳ ಬೆರಳು ನೋಡು, ಗುರುತಿಲ್ಲದವರು ಅಪರೂಪ. ಊಟಕ್ಕೆ ಏಳುವಾಗ ಕುಡ್ಲನ್ನು ಅರಿಯ ಮೇಲೆ ಎಸೆದು ಬರಬೇಡ, ಮರಕ್ಕೆ ಸಿಕ್ಕಿಸು. ಅಕಸ್ಮಾತ್ ತಾಗಿದರೆ ಅರಿಶಿನ ಮೆತ್ತಿಕೊಂಡು ಕೂರದೆ, ಗಾಯ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಟಿಟಿ ಚುಚ್ಚಿಸಿಕೊ.