ಹಳೆಯ ಸ್ವಿಸ್ ವಾಚಿನ ಹುಚ್ಚು ಹಿಡಿದವರಿಗೆ ಏಳು ಸೂತ್ರಗಳು

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳ ಬೀರು ತಡಕಿದರೆ ಇಂದಿಗೂ ತಾತನ ಕಾಲದ ವಾಚು ಸಿಗುತ್ತದೆ. ಹೆಚ್ಚಿನವು ಎಚ್‌ಎಂಟಿ, ಅದೃಷ್ಟವಿದ್ದರೆ ಒಂದು ಸ್ವಿಸ್. ಸಂಗ್ರಹ ಶುರು ಮಾಡಲು ಇದಕ್ಕಿಂತ ಒಳ್ಳೆಯ ಊರಿಲ್ಲ.

1. ಮೊದಲು ಎಚ್‌ಎಂಟಿಯಲ್ಲಿ ಕಣ್ಣು ಪಳಗಿಸಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಎಚ್‌ಎಂಟಿ ವಾಚು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. 17 ಜ್ಯುವೆಲ್‌ನ, ಕೀ ಕೊಡುವ ಒಂದು ಜನತಾ ಕೊಂಡು, ಹಿಂದಿನ ಮುಚ್ಚಳ ತೆಗೆಸಿ ನೋಡಿ. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಮ್ಯೂಸಿಯಂಗೂ ಒಮ್ಮೆ ಹೋಗಿ ಬನ್ನಿ. ಕಾರ್ಖಾನೆಯಿಂದ ಬಂದ ಅಸಲಿ ಡಯಲ್ ಹೇಗಿರುತ್ತದೆಂಬುದು ಮನಸ್ಸಿನಲ್ಲಿ ಅಚ್ಚೊತ್ತಬೇಕು.

2. ಒಮ್ಮೆಲೇ ರೋಲೆಕ್ಸ್‌ಗೆ ಕೈ ಹಾಕಬೇಡಿ. ನಮ್ಮ ದೇಶದಲ್ಲಿ ಬಹುಕಾಲ ಓಡಾಡಿದ ಸ್ವಿಸ್ ವಾಚುಗಳೆಂದರೆ ಫಾವ್ರ್-ಲೂಬಾ ಮತ್ತು ವೆಸ್ಟ್ ಎಂಡ್. ಸೀ ಚೀಫ್, ಸೀ ಕಿಂಗ್, ಸೋವಾರ್ ಪ್ರೈಮಾ ಮಾದರಿಗಳು ಇಲ್ಲಿ ಈಗಲೂ ಸಿಗುತ್ತವೆ, ರಿಪೇರಿ ಬಲ್ಲವರೂ ಇದ್ದಾರೆ. ಎತ್ತರ ಅಳೆಯುವ ಫಾವ್ರ್-ಲೂಬಾ ಬಿವುವಾಕ್ (1962) ಮಾತ್ರ ನಿಜಕ್ಕೂ ಅಪರೂಪ.

3. ಡಯಲ್ಲೇ ವಾಚಿನ ಜೀವ. ಮಾರುಕಟ್ಟೆಯಲ್ಲಿ ಥಳಥಳಿಸುವ 'ಹಳೆಯ' ಸ್ವಿಸ್ ವಾಚುಗಳಲ್ಲಿ ಡಯಲ್‌ಗೆ ಮತ್ತೆ ಬಣ್ಣ ಹೊಡೆದವೇ ಜಾಸ್ತಿ. ಭೂತಗನ್ನಡಿ ಹಿಡಿದು ಆರು ಗಂಟೆಯ ಕೆಳಗೆ ನೋಡಿ: 'ಸ್ವಿಸ್' ಅಕ್ಷರಗಳು ದಪ್ಪಗೆ ಹರಡಿವೆಯೇ? ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂತಿವೆಯೇ? ಹೆಸರು ಒಂದು ಕಡೆಗೆ ವಾಲಿದೆಯೇ? ಕಡುನೀಲಿ, ಕೇಸರಿ ಬಣ್ಣ ಕಂಡರೆ ಇನ್ನಷ್ಟು ಅನುಮಾನಪಡಿ. ನನ್ನ ಮಟ್ಟಿಗೆ, ಮಾಸಿದ ಅಸಲಿ ಡಯಲ್ ಮುಂದೆ ಹೊಳೆಯುವ ಹೊಸ ಬಣ್ಣಕ್ಕೆ ಬೆಲೆಯೇ ಇಲ್ಲ.

4. ಮುಚ್ಚಳದ ಒಳಭಾಗವನ್ನೂ ಓದಿ. ಹಳೆಯ ರಿಪೇರಿಯವರು ಸರ್ವಿಸ್ ಮಾಡಿದಾಗಲೆಲ್ಲ ಅಲ್ಲಿ ಸೂಜಿಮೊನೆಯಲ್ಲಿ ತಾರೀಖನ್ನೋ ತಮ್ಮ ಗುರುತನ್ನೋ ಗೀಚುತ್ತಿದ್ದರು. ಅಂಥ ಗೀಚುಗಳಿದ್ದರೆ ವಾಚನ್ನು ಯಾರೋ ಜೋಪಾನವಾಗಿ ಇಟ್ಟುಕೊಂಡಿದ್ದರು ಎಂದು ಅರ್ಥ. ಹೊರಗೆ ಕೆತ್ತಿದ ಹೆಸರನ್ನು ಪಾಲಿಶ್ ಮಾಡಿಸಿ ಅಳಿಸಬೇಡಿ. ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಕೊಟ್ಟ ರೋಲೆಕ್ಸ್ ಡೇಟೋನಾದ ಹಿಂಬದಿಯಲ್ಲಿ, ಹುಷಾರಾಗಿ ಗಾಡಿ ಓಡಿಸು ಎಂಬ ಅರ್ಥದ ಸಾಲು ಕೆತ್ತಿತ್ತು. ಅದು 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಮನೆಯ ವಾಚಾದರೆ ಯಾರು, ಯಾವಾಗ, ಯಾವ ಸಂದರ್ಭಕ್ಕೆ ಕೊಂಡರು ಎಂಬುದನ್ನು ಹಿರಿಯರಿಂದ ಕೇಳಿ ಇವತ್ತೇ ಬರೆದಿಡಿ.

5. ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಮುಳ್ಳುಗಳನ್ನು ಕೆರೆಯಬೇಡಿ. ಅವಕ್ಕೆ ಬಳಿದದ್ದು ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ; ಅದು ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಮಕ್ಕಳ ಕೈಗೆ ಕೊಡಲೇಬೇಡಿ.

6. ಭಾನುವಾರ ಬೇಗ ಏಳಿ. ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿಗೆ ಕೆಂಗೇರಿಯವರೂ ನೇರಳೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದರಾಯಿತು. ಅಲ್ಲಿ ಕೊಳ್ಳುವುದಕ್ಕಿಂತ ನೋಡುವುದೇ ಹೆಚ್ಚಿರಲಿ. ಬಿಲ್ಲಿಲ್ಲದ ದುಬಾರಿ ವಾಚು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

7. ಒಬ್ಬ ಒಳ್ಳೆಯ ರಿಪೇರಿಯವರನ್ನು ಹುಡುಕಿ, ಬಿಡಬೇಡಿ. ಪೆಟ್ಟಿಗೆಯಲ್ಲೇ ಇಟ್ಟ ವಾಚಿನಲ್ಲೂ ಎಣ್ಣೆ ಒಣಗುತ್ತದೆ. ವರ್ಷಗಟ್ಟಲೆ ನಿಂತಿದ್ದ ವಾಚಿಗೆ ಸರ್ವಿಸ್ ಆಗುವ ಮುನ್ನ ಕೀ ಕೊಟ್ಟು ಓಡಿಸಬೇಡಿ. ಡಯಲ್ ಮುಟ್ಟಬೇಡಿ, ಪಾಲಿಶ್ ಬೇಡ ಎಂದು ಕೊಡುವಾಗಲೇ ಹೇಳಿ. ಬದಲಾಯಿಸಿದ ಮುಳ್ಳು, ಗಾಜು, ಕೀ ಗುಂಡಿಗಳನ್ನು ತಪ್ಪದೆ ವಾಪಸ್ ಕೇಳಿ ಪಡೆದು, ಒಂದು ಪುಟ್ಟ ಡಬ್ಬಿಗೆ ಹಾಕಿ ವಾಚಿನ ಹೆಸರು ಬರೆದಿಡಿ.