ಗಾಂಧಿ ಚೌಕದಿಂದ ಮಲ್ಪೆ ದ್ವೀಪಕ್ಕ ಹೊಂಟವರಿಗೆ ಕಿವಿಮಾತು

ನಮ್ಮ ಓಣಿ ಹುಡುಗರು ಹೆಂಡ್ತಿ ಮಕ್ಕಳನ್ನ ಕರಕೊಂಡು ಸಮುದ್ರ ನೋಡಾಕ ಹೊಂಟಾರ, ಭಾಳ ಸಂತೋಷ. ವಿಜಯಪುರದ ಗಾಂಧಿ ಚೌಕದ ಸುತ್ತ ಬೆಳೆದವರಿಗೆ ನೀರು ಅಂದ್ರ ಬಾವಿ, ಕೆರಿ, ಹೆಚ್ಚಂದ್ರ ಆಲಮಟ್ಟಿ ಹಿನ್ನೀರು. ಆ ಅಳತಿ ಹಿಡಕೊಂಡು ಮಲ್ಪೆ ಬಂದರಕ್ಕ ಹೋಗಬಾರದು. ಸೇಂಟ್ ಮೇರೀಸ್ ದ್ವೀಪದ ಬೋಟು ಹತ್ತೂ ಮುಂದ ಇವಿಷ್ಟು ಲಕ್ಷ್ಯದಾಗ ಇಟಗೋರಿ.

• ಕಾಲ ನೋಡಿ ಹೊಂಡ್ರಿ. ಜೂನ್ ಬಂತಂದ್ರ ಮುಂಗಾರು ಗಾಳಿ ಸಮುದ್ರ ಎಬ್ಬಸ್ತೈತಿ, ಮಳಿಗಾಲ ಮುಗಿಯೂತನಾ ದ್ವೀಪದ ಬೋಟು ಬಂದ್. ನವೆಂಬರದಿಂದ ಫೆಬ್ರುವರಿ ತನಕ ಛಲೋ. ಆದ್ರ ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಬೆಳೆಯೂ ನಮ್ಮ ಬೀಗರಿಗೆ ಆವಾಗ ತ್ವಾಟ ಬಿಟ್ಟು ಬರಾಕ ಆಗೂದಿಲ್ಲ. ಅವರು ಒಣದ್ರಾಕ್ಷಿ ಕೆಲಸ, ಏಪ್ರಿಲ್ ಚಾಟ್ನಿ ಮುಗಿಸಿ ಹೊಂಡೂದಾದ್ರ ಮೇ ಮೊದಲ ವಾರದಾಗ ಹೋಗಿ ಬಂದುಬಿಡ್ರಿ. ಮೇ ಕಡೀಗೆ ಸಮುದ್ರ ನಂಬೂ ಹಂಗಿರೂದಿಲ್ಲ.

• ವಿಜಯಪುರದಿಂದ ಮಂಗಳೂರಿಗೆ ಸೀದಾ ರೈಲು ಐತಿ. ಹುಬ್ಬಳ್ಳಿ, ಹಾಸನ ಹಾದು ಸಕಲೇಶಪುರದ ಘಾಟ್ ಇಳಿದು ಮುಂಜಾನಿ ಮುಟ್ಟಸ್ತೈತಿ. ಅಲ್ಲಿಂದ ಉಡುಪಿಗೆ ಬಸ್ಸು. ರಾತ್ರಿಯೆಲ್ಲಾ ಕುಂತು ಬಂದ ಮಕ್ಕಳನ್ನ ಅವತ್ತೇ ಬೋಟಿಗೆ ಹತ್ತಿಸಬ್ಯಾಡ್ರಿ. ಒಂದು ರಾತ್ರಿ ಉಡುಪಿಯೊಳಗ ಮಲಗಿ, ಮರುದಿನ ಹೋಗ್ರಿ.

• ಮುಂಜಾನಿ ಬೋಟು ಹಿಡೀರಿ. ಹೊತ್ತು ಏರಿದಂಗ ನೆಲ ಜಲ್ದಿ ಕಾಯ್ತೈತಿ, ಸಮುದ್ರ ತಡಾ ಮಾಡಿ ಕಾಯ್ತೈತಿ. ಅದಕ್ಕ ಮಧ್ಯಾಹ್ನದ ಮ್ಯಾಲ ಸಮುದ್ರದಿಂದ ದಂಡಿ ಕಡೆ ಗಾಳಿ ಜೋರು ಆಕ್ಕೈತಿ, ತೆರಿನೂ ಏಳ್ತಾವ. ಮಲ್ಪೆಯಿಂದ ದ್ವೀಪ ಸುಮಾರು 6 ಕಿಲೋಮೀಟರ್, ಅರ್ಧ ತಾಸಿನ ದಾರಿ. ಆ ಅರ್ಧ ತಾಸು ಶಾಂತ ನೀರಿನಾಗ ಹೋದ್ರ ವಯಸ್ಸಾದವರಿಗೂ ತ್ರಾಸಿಲ್ಲ.

• ಹೊಟ್ಟಿ ಖಾಲಿನೂ ಬ್ಯಾಡ, ತುಂಬನೂ ಬ್ಯಾಡ. ಮಿರ್ಚಿ ಭಜಿ, ಎಣ್ಣಿ ಪದಾರ್ಥ ಬಿಟ್ಟು ಎರಡು ಇಡ್ಲಿ ತಿಂದು ಹತ್ತರಿ. ವಾಂತಿ ಆಗೂ ಪೈಕಿ ಇದ್ರ ಡಾಕ್ಟರನ್ನ ಕೇಳಿ ಗುಳಗಿ ಮೊದಲೇ ತಗೋರಿ, ತೆಲಿ ತಿರಗಾಕ ಹತ್ತಿದ ಮ್ಯಾಲ ನುಂಗಿದ್ರ ಉಪಯೋಗಿಲ್ಲ. ಬೋಟಿನ ನಡು ಭಾಗದಾಗ ಕುಂತು, ಮೊಬೈಲ್ ಕಿಸೆದಾಗ ಇಟ್ಟು, ದೂರ ಆಕಾಶ ನೀರು ಕೂಡೂ ಗೆರಿ ನೋಡ್ರಿ.

• ಎಲ್ಲಾದಕ್ಕಿಂತ ಮುಖ್ಯ ಲೈಫ್ ಜಾಕೆಟ್. 2019ರ ಜನವರಿ 21ಕ್ಕ ಕಾರವಾರದ ಹತ್ರ ಕೂರ್ಮಗಡ ದ್ವೀಪದ ನರಸಿಂಹ ಜಾತ್ರಿಗೆ ಹೋಗಿದ್ದವರ ದೋಣಿ ಮಗುಚಿ 16 ಮಂದಿ ತೀರಿಕೊಂಡ್ರು. ಹಾವೇರಿ ಜಿಲ್ಲಾದ ಮಂದಿನೂ ಅದರಾಗ ಇದ್ರು, ಸಣ್ಣ ಮಕ್ಕಳೂ ಇದ್ರು. ನಮ್ಮಂಗ ಬಯಲಸೀಮಿಯಿಂದ ದೇವರಿಗಂತ ಹೋದವರು. ದೋಣಿಯೊಳಗ ಹಿಡಿಸೂದಕ್ಕಿಂತ ಹೆಚ್ಚು ಮಂದಿ ಹತ್ತಿದ್ರು ಅಂತ ಆವಾಗ ಪೇಪರಿನಾಗ ಬಂದಿತ್ತು. ಅದನ್ನ ಓದಿದ ಮ್ಯಾಲೂ ನಮ್ಮ ಹುಡುಗರು ಜಾಕೆಟ್ಟನ್ನ ತೊಡಿ ಮ್ಯಾಲ ಇಟಗೊಂಡು ಫೋಟೊ ತಗಸ್ಕೊಂತಾರ, ನೋಡಿದ್ರ ಎದಿ ಝಲ್ ಅಂತೈತಿ. ಬೋಟಿಗೆ ಕಾಲಿಡೂ ಮೊದಲೇ ಹಾಕ್ಕೋರಿ. ಎಲ್ಲಾ ಪಟ್ಟಿ ಬಿಗೀರಿ. ಶರಗ ಜಾಕೆಟಿನ ಒಳಗ ಸೇರಿಸಿ ಸಿಗಸ್ರಿ.

• ಮಕ್ಕಳಿಗೆ ಮಕ್ಕಳ ಅಳತಿ ಜಾಕೆಟ್ಟೇ ಕೇಳ್ರಿ. ಹಾಕಿದ ಮ್ಯಾಲ ಅದರ ಹೆಗಲು ಹಿಡಿದು ಮ್ಯಾಲ ಎತ್ತಿ ನೋಡ್ರಿ. ಕಿವಿ ತನಕ ಏರಿ ಬಂತಂದ್ರ ಅದು ದೊಡ್ಡದು, ನೀರಿಗೆ ಬಿದ್ರ ಕೂಸು ಕೆಳಗ ಜಾರ್ತೈತಿ. ತಾಯಂದಿರು ಕೂಸನ್ನ ಓಢಣಿಲೆ ಮೈಗೆ ಕಟಗೊಳ್ಳೂದು ಬ್ಯಾಡೇ ಬ್ಯಾಡ. ಕೂಸಿನ ಅಳತಿದು ಸಿಗಲಿಲ್ಲಂದ್ರ ಒಬ್ಬರು ಕೂಸಿನ ಜೋಡಿ ದಂಡಿ ಮ್ಯಾಲೇ ಉಳೀರಿ, ಮಲ್ಪೆ ಉಸುಕು ಆಡಾಕ ಸಾಕಷ್ಟು ಐತಿ.

• ಬೋಟಿನಾಗ ಮಂದಿ ಹೆಚ್ಚಾದ್ರ ಇಳೀರಿ. ರೊಕ್ಕ ಹೋಗ್ಲಿ.

• ದ್ವೀಪದ ಹತ್ರ ನೀರು ತೆಳು. ಕೆಲವೊಮ್ಮೆ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ದಾಟಬೇಕಾಕ್ಕೈತಿ, ಮೊಣಕಾಲ ಮಟ ನೀರಿನಾಗ ಇಳೀಬೇಕಾಕ್ಕೈತಿ. ರೇಶಿಮಿ ಸೀರಿ, ಎತ್ತರದ ಚಪ್ಪಲಿ ರೂಮಿನಾಗ ಇರಲಿ. ದಾಟೂ ಮುಂದ ಎರಡೂ ಕೈ ಖಾಲಿ ಇರಬೇಕು, ಚೀಲ ಬೆನ್ನಿಗೆ ಹಾಕ್ಕೋರಿ. ಬೋಟಿನವರು ಕೈ ಕೊಟ್ರ ಸಂಕೋಚ ಬ್ಯಾಡ, ಗಟ್ಟಿ ಹಿಡೀರಿ.

• ಅಲ್ಲಿ ಕಲ್ಲು ನೋಡದ ಬರಬ್ಯಾಡ್ರಿ! ಉಸುಕಿನಾಗ ಚಿಪ್ಪು ಆರಿಸಿ, ನಾಕು ಫೋಟೊ ಹೊಡಕೊಂಡು ಭಾಳ ಮಂದಿ ತಿರಗತಾರ. ಐದು ಮೂಲಿ, ಆರು ಮೂಲಿ ಕಂಬದಂಥ ಬಂಡಿಗಳು ಸಾಲಾಗಿ ನಿಂತಾವ. ಯಾವ ಶಿಲ್ಪಿನೂ ಕೆತ್ತಿದ್ದಲ್ಲ. ಭೂಮಿ ಒಳಗಿನ ಬೆಂಕಿ ರಸ ಹೊರಗ ಹರಿದು, ತಣ್ಣಗಾಗಿ ಕುಗ್ಗೂ ಮುಂದ ಹಂಗ ಸೀಳಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದ ಮಡಗಾಸ್ಕರ್ ನಮ್ಮ ನೆಲದಿಂದ ಬ್ಯಾರೆ ಆಗೂ ಕಾಲದ ಕಲ್ಲು ಅಂತ ಭೂವಿಜ್ಞಾನಿಗಳು ಹೇಳ್ತಾರ. ಮಕ್ಕಳಿಗೆ ಇನ್ನೊಂದು ಹೇಳ್ರಿ. ನಮ್ಮ ಊರಿನ ಕರಿ ಕಲ್ಲು, 1656ರಾಗ ಮುಗಿದ ಗೋಲ ಗುಮ್ಮಟದ ಕಲ್ಲು, ಅದೂ ಲಾವಾನೇ. ಆದ್ರ ಅದು ಸುಮಾರು 6.6 ಕೋಟಿ ವರ್ಷದ್ದು, ದಖ್ಖನ್ ಪ್ರಸ್ಥಭೂಮಿ ಕಟ್ಟಿದ ಬ್ಯಾರೆ ಹರಿವು. ದಿನಾ ಗುಮ್ಮಟದ ಮುಂದ ಹಾದು ಸಾಲಿಗೆ ಹೋಗೂ ಹುಡುಗಿ ಆ ಕಂಬ ಮುಟ್ಟಿ, ನಮ್ಮ ಊರಾಗೂ ಹಿಂಗ ಬೆಂಕಿ ಹರಿದಿತ್ತೇನು ಅಂತ ಕೇಳಿದ್ರ ನಿಮ್ಮ ಖರ್ಚು ಹುಟ್ಟಿತು. ವಾಸ್ಕೋ ಡ ಗಾಮ 1498ರಾಗ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅನ್ನೂದು ಅಲ್ಲಿಯವರ ಪ್ರತೀತಿ, ಅದನ್ನೂ ಹೇಳ್ರಿ. ಕಲ್ಲು ಒಡಿಯೂದು, ಹೆಸರು ಗೀಚೂದು ಮಾತ್ರ ಬ್ಯಾಡ.

• ಕಲ್ಲಿನ ತುದಿಗೆ ಹೋಗಿ ಸಮುದ್ರಕ್ಕ ಬೆನ್ನು ಮಾಡಿ ನಿಂದ್ರಬ್ಯಾಡ್ರಿ. ತೊಯ್ದ ಬಂಡಿ ಮ್ಯಾಲ ಪಾಚಿ ಇರ್ತೈತಿ, ಚಿಪ್ಪಿನ ಅಂಚು ಕಾಲು ಕೊಯ್ತೈತಿ. ಹತ್ತು ತೆರಿ ಸಣ್ಣವು ಬಂದವಂತ ಹನ್ನೊಂದನೇದೂ ಸಣ್ಣದೇ ಇರಬೇಕಂತ ಏನಿಲ್ಲ.

• ಬಾವಿಯೊಳಗ ಡೈ ಹೊಡೆದವರು, ಕಾಲುವಿ ಈಜಿದವರು ಇಲ್ಲಿ ಸೊಕ್ಕು ಮಾಡಬಾರದು. ಬಾವಿ ನೀರು ನಿಂತಲ್ಲೇ ಇರ್ತೈತಿ. ಸಮುದ್ರದಾಗ ದಂಡಿಯಿಂದ ಒಳಗ ಜಗ್ಗೂ ಸೆಳವು ಇರ್ತೈತಿ, ಮ್ಯಾಲಿಂದ ಆ ಜಾಗ ಶಾಂತ ಕಾಣಸ್ತೈತಿ. ಕಾವಲಿನವರು ತೋರಿಸಿದ ಜಾಗ ಬಿಟ್ಟು ನೀರಿಗೆ ಇಳೀಬ್ಯಾಡ್ರಿ. ಸೆಳವಿಗೆ ಸಿಕ್ರ ಎದುರು ಈಜಬ್ಯಾಡ್ರಿ, ಕೈ ಎತ್ತಿ ಕೂಗಿ, ದಂಡಿಗೆ ಸಮಾನಾಗಿ ಅಡ್ಡ ಈಜಿ ಸೆಳವಿನಿಂದ ಹೊರಗ ಬಂದು ಆಮ್ಯಾಲ ದಂಡಿ ಕಡೆ ತಿರಗ್ರಿ. ಕುಡಿದವರನ್ನ ಬೋಟಿಗೇ ಹತ್ತಿಸಬ್ಯಾಡ್ರಿ, ಅಳಿಯ ಇರಲಿ, ಭಾವ ಇರಲಿ.

• ನಮ್ಮ ಬಿಸಲು ಕಂಡವರಿಗೆ ಅಲ್ಲಿ ಬಿಸಲೇನು ಅನಬ್ಯಾಡ್ರಿ. ಕರಾವಳಿಯೊಳಗ ಬೆವರು ಆರೂದಿಲ್ಲ, ನೀರಡಿಕಿ ಗೊತ್ತಾಗೂ ಮೊದಲೇ ಸುಸ್ತು ಬರ್ತೈತಿ. ಕುಡಿಯೂ ನೀರು, ಟೊಪಗಿ, ಲಿಂಬಿಹಣ್ಣು, ಉಪ್ಪು ಸಕ್ಕರಿ ಒಯ್ಯರಿ. ಖಾಲಿ ಬಾಟಲಿ, ಚೀಟಿ ಎಲ್ಲಾ ವಾಪಸ್ ತರ್ರಿ.

• ಮನಿಯೊಳಗ ಹಿರ್ಯಾನ ಮಾತು ನಡೀಬೇಕು, ಖರೆ. ನೀರಿನ ಮ್ಯಾಲ ಬೋಟಿನವನ ಮಾತು ನಡೀಬೇಕು. ಅಂವ ಇಪ್ಪತ್ತು ವರ್ಷದ ಹುಡುಗ ಇದ್ರೂ ಸೈ. ಕುಂದ್ರು ಅಂದ್ರ ಕುಂದ್ರಬೇಕು, ಇವತ್ತು ಬೋಟಿಲ್ಲ ಅಂದ್ರ ವಾದಾ ಹಾಕಬಾರದು. ಇಷ್ಟು ದೂರ ಬಂದೇವಿ, ಹೆಂಗರ ಮಾಡಿ ಕರಕೊಂಡು ಹೋಗು ಅಂತ ಹೆಚ್ಚಿನ ರೊಕ್ಕದ ಆಸೆ ತೋರಿಸೂದು ಎಲ್ಲಾರ ಜೀವಕ್ಕೂ ಕುತ್ತು. ಅವತ್ತು ಕೃಷ್ಣಮಠಕ್ಕ ಹೋಗ್ರಿ, ಮಲ್ಪೆ ಬಂದರದಾಗ ಮೀನಿನ ಬೋಟು ನೋಡ್ರಿ.

• ದ್ವೀಪದಾಗ ರಾತ್ರಿ ಇರಾಕ ಬಿಡೂದಿಲ್ಲ. ಇಳದ ಕೂಡ್ಲೇ ಕಡೀ ಬೋಟು ಎಷ್ಟಕ್ಕಂತ ಕೇಳ್ಕೊಂಡು, ಅದರ ಹಿಂದಿನ ಬೋಟಿಗೇ ಹತ್ತರಿ. 112, ಕೋಸ್ಟ್ ಗಾರ್ಡಿನ 1554, ಎರಡೂ ನಂಬರ್ ಎಲ್ಲಾರ ಫೋನಿನಾಗ ಇರಲಿ. ಹೋಗೂ ಬೋಟು ಎಷ್ಟಕ್ಕ, ಬರೂದು ಎಷ್ಟಕ್ಕ ಅಂತ ಹತ್ತೂ ಮುಂದ ಮನಿಗೆ ಫೋನ್ ಹಚ್ಚಿ ಹೇಳ್ರಿ. ದಂಡಿಗೆ ಮುಟ್ಟಿದ ಮ್ಯಾಲ ಮತ್ತೊಮ್ಮೆ ಹಚ್ಚರಿ.